ಮೂವತ್ತೊಂದು ಕಾರ್ಡುಗಳ ಹಿಂಬದಿ

ಹೆದರುವ ಜನರನ್ನು ನಾನು ಬೇಕಾದಷ್ಟು ನೋಡಿದ್ದೇನೆ, ನಾನೂ ಅವರಲ್ಲೊಬ್ಬಳು. ಆದರೆ ಅಕ್ಕೋರಷ್ಟು ಶಿಸ್ತಾಗಿ ಹೆದರುತ್ತಿದ್ದವರನ್ನು ಬೇರೆ ಎಲ್ಲೂ ಕಂಡಿಲ್ಲ. ಮನೆಯ ಕರೆಗಂಟೆ ಬಾರಿಸಿದರೆ ಮೊದಲು ಟಿವಿ ಆರಿಸುತ್ತಿದ್ದರು. ಆಮೇಲೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹೋಗಿ, ಪರದೆಯನ್ನು ಒಂದು ಬೆರಳಷ್ಟು ಸರಿಸಿ ನೋಡುತ್ತಿದ್ದರು. ಬಂದವನು ಪಾರ್ಸೆಲ್ ಇಟ್ಟು ಹೋಗಿ ಕಾಲು ಗಂಟೆ ಕಳೆದರೂ ಬಾಗಿಲು ತೆಗೆಯುತ್ತಿರಲಿಲ್ಲ. ಕಾರಿನ ಹಿಂದೆ ಪೊಲೀಸ್ ಗಾಡಿ ಕಂಡರೆ ಯಾವುದಾದರೊಂದು ಅಂಗಡಿಯ ಪಾರ್ಕಿಂಗಿಗೆ ತಿರುಗಿಸಿ, ಅದು ಮುಂದೆ ಹೋಗುವ ತನಕ ಸ್ಟೀರಿಂಗ್ ಹಿಡಿದು ಕೂತುಬಿಡುತ್ತಿದ್ದರು. ಫೋನಿಗೆ ಸುಂಟರಗಾಳಿಯ ಎಚ್ಚರಿಕೆ ಬಂತೆಂದರೆ ಕಾಲಿಗೆ ಬೂಟು ಹಾಕಿಕೊಂಡು ಬಚ್ಚಲಿನ ಟಬ್ಬಿಗಿಳಿದು ತಲೆಯ ಮೇಲೆ ಹಾಸಿಗೆ ಎಳೆದುಕೊಳ್ಳುತ್ತಿದ್ದರು. ಅಮೆರಿಕದ ಪೌರತ್ವ ಸಿಕ್ಕಿ ಇಪ್ಪತ್ತು ವರ್ಷ ದಾಟಿದ್ದರೂ ಆ ಕಾಗದ ಪ್ಲಾಸ್ಟಿಕ್ ಚೀಲದೊಳಗೆ, ಆ ಚೀಲ ಅಕ್ಕಿ ಡಬ್ಬಿಯೊಳಗೆ.

"ಈಗ ಅದನ್ನ ಯಾರು ಕೇಳ್ತಾರೆ ಅಕ್ಕೋರೆ?" ಎಂದು ಒಮ್ಮೆ ನಕ್ಕಿದ್ದೆ.

ಅವರು ನಗಲಿಲ್ಲ. "ಕೇಳಿದ್ರ?" ಎಂದರು.

ಅವರು ತೀರಿಕೊಂಡರೆಂದು ಹ್ಯೂಸ್ಟನ್ನಿನಿಂದ ಅವರ ತಂಗಿಯ ಮಗಳು ಫೋನ್ ಮಾಡಿದಾಗ ನಾನು ಆಸ್ಟಿನ್ನಿನ ನಮ್ಮ ಆಫೀಸಿನ ಪಾರ್ಕಿಂಗಿನಲ್ಲಿದ್ದೆ. ಅಳುವುದಕ್ಕೂ ಮೊದಲು ನನ್ನ ಬಾಯಿಂದ ಬಂದ ಮಾತು, "ಆಗ ಪಕ್ಕದಲ್ಲಿ ಯಾರಾದ್ರೂ ಇದ್ರಾ?"

"ನಾನಿದ್ದೆ. ಕೈ ಹಿಡ್ಕೊಂಡಿದ್ದೆ," ಎಂದಳು ಆಕೆ. ಅಷ್ಟು ಕೇಳಿದ ಮೇಲೆ ನನ್ನ ಉಸಿರು ಸರಿಹೋಯಿತು.

ನಾನು ಅವರನ್ನು ಮೊದಲು ನೋಡಿದ್ದು ಎರಡು ಸಾವಿರದ ಹದಿಮೂರರ ಯುಗಾದಿಯ ಊಟದಲ್ಲಿ. ಆಸ್ಟಿನ್ ಕಡೆಯ ಕನ್ನಡದವರೆಲ್ಲ ಯಾವುದೋ ಶಾಲೆಯ ಕೆಫೆಟೇರಿಯಾ ಬಾಡಿಗೆಗೆ ಹಿಡಿದಿದ್ದರು. ಮಕ್ಕಳ ಕುಣಿತ, ಮೈಕಿನ ಕೀರಲು, ಕೋಸಂಬರಿಗೆ ಉದ್ದನೆಯ ಸಾಲು. ಹೊರಬಾಗಿಲಿಗೆ ತೀರ ಹತ್ತಿರದ ಕುರ್ಚಿಯಲ್ಲಿ ತೆಳ್ಳನೆಯ ಹೆಂಗಸೊಬ್ಬರು ತಟ್ಟೆ ಹಿಡಿದು ಕೂತಿದ್ದರು. ಕೈಚೀಲ ಹೆಗಲಿನಿಂದ ಇಳಿಸಿರಲಿಲ್ಲ. ಅಷ್ಟು ಗಾಳಿಯಲ್ಲಿ ಯಾಕೆ ಕೂತಿದ್ದೀರಿ ಎಂದು ಕೇಳಿದೆ.

"ಬಾಗಲ ಹತ್ರ ಕೂತ್ರ ಓಡಿ ಹೋಗ್ಲಿಕ್ಕೆ ಅನುಕೂಲ ಆಗ್ತದ್ರಿ," ಎಂದರು. ತಮಾಷೆ ಎಂದುಕೊಂಡೆ. ಆಮೇಲೆ ತಿಳಿಯಿತು, ತಮಾಷೆಯಲ್ಲ.

ಧಾರವಾಡದ ಕಡೆಯವರು. ನಾನು ಹುಟ್ಟುವ ಮೊದಲೇ ಓದಲೆಂದು ಟೆಕ್ಸಸ್ಸಿಗೆ ಬಂದು, ಇಲ್ಲಿಯ ವಿಶ್ವವಿದ್ಯಾಲಯವೊಂದರಲ್ಲಿ ರೋಮನ್ನರ ಇತಿಹಾಸ ಕಲಿಸಿ ನಿವೃತ್ತರಾಗಿ, ಜಾರ್ಜ್‌ಟೌನಿನ ಹೊಸ ಬಡಾವಣೆಯಲ್ಲಿ ಒಬ್ಬರೇ ಇದ್ದರು. ಮದುವೆಯಾಗಿರಲಿಲ್ಲ. ನಾನು ಆಂಟಿ ಎಂದೆ, ಬೇಡವೆಂದರು. ಮೇಡಂ ಎಂದೆ, ಅದೂ ಬೇಡ. "ನಮ್ಮ ಕಡೆ ಕಲಸೋರಿಗೆ ಅಕ್ಕೋರು ಅಂತೀವಿ. ಹಂಗ ಕರೀರಿ. ಇಲ್ಲಿ ಯಾರೂ ಕರಿಯೂದಿಲ್ಲ."

ನಾನೇನು ಮಾಡುತ್ತೇನೆಂದು ಕೇಳಿದರು. ಆ ಪ್ರಶ್ನೆ ಬಂದಾಗಲೆಲ್ಲ ನನ್ನ ಮುಖ ಸಣ್ಣದಾಗುತ್ತಿತ್ತು. ಮೈಸೂರಿನ ಕಾಲೇಜಿನಲ್ಲಿ ಹತ್ತು ವರ್ಷ ಸಂಖ್ಯಾಶಾಸ್ತ್ರ ಕಲಿಸಿದ್ದವಳು ಗಂಡನ ಹಿಂದೆ ಅವಲಂಬಿತರ ವೀಸಾದಲ್ಲಿ ಬಂದು ಸೀಡರ್ ಪಾರ್ಕಿನ ಮನೆಯಲ್ಲಿ ಕೂತಿದ್ದೆ. ಆ ವೀಸಾದಲ್ಲಿ ದುಡಿಯುವ ಹಾಗಿರಲಿಲ್ಲ. ಗಂಡ ಚಿಪ್ ಕಂಪನಿಗೆ, ಮಗಳು ಶಾಲೆಗೆ. ನಾನು ಅವರ ಡಬ್ಬಿ ತೊಳೆದಿಟ್ಟು, ಎದುರು ಮನೆಯ ಗ್ಯಾರೇಜಿನ ಬಾಗಿಲು ಮೇಲೇಳುವುದನ್ನೂ ಕೆಳಗಿಳಿಯುವುದನ್ನೂ ನೋಡುತ್ತಿದ್ದೆ.

"ಸ್ಟ್ಯಾಟಿಸ್ಟಿಕ್ಸ್ ಏನ್ರಿ?" ಎಂದು ಅಕ್ಕೋರು ತಟ್ಟೆ ಕೆಳಗಿಟ್ಟರು. "ಮಂಗಳವಾರ ಬರ್ರಿ ನಮ್ಮ ಮನೀಗೆ. ನನ್ನ ಹತ್ರ ಎಣಸೂ ಕೆಲಸ ಭಾಳ ಅದ."

ಗಂಡನಿಗೆ ಹೇಳಿದಾಗ ಅವರು ಲ್ಯಾಪ್‌ಟಾಪಿನಿಂದ ತಲೆಯೆತ್ತಿ, "ಇದು ಕೆಲಸ ಅಂತ ಆಗಲ್ಲ ತಾನೆ? ಸಂಬಳ ಕೊಡ್ತಾರಾ?" ಎಂದರು.

"ಇಲ್ಲ. ಊಟ ಹಾಕ್ತಾರೆ."

"ಊಟಾನೂ ಸಂಬಳಾನೇ ಅಂತ ಯಾರಾದ್ರೂ ಕೇಳಬಹುದು ನೋಡು."

ಅವರೂ ಹೆದರಿಯೇ ಹೇಳಿದ್ದು. ಆ ವರ್ಷಗಳಲ್ಲಿ ನಾವೆಲ್ಲ ಹಾಗೆಯೇ ಇದ್ದೆವು. ಅಂಚೆ ಡಬ್ಬಿಯಲ್ಲಿ ಸರ್ಕಾರಿ ಲಕೋಟೆ ಕಂಡರೆ ಒಬ್ಬರು ಒಡೆಯುವುದು, ಇನ್ನೊಬ್ಬರು ಅವರ ಮುಖ ನೋಡುವುದು.

ಮಂಗಳವಾರ ಹೋದೆ. ಹೆದ್ದಾರಿಗೆ ಹತ್ತುವ ಧೈರ್ಯವಿಲ್ಲದೆ ಲಿಯಾಂಡರಿನ ಒಳದಾರಿಯಲ್ಲಿ ಹೋಗಿ ಇಪ್ಪತ್ತು ನಿಮಿಷದ ದಾರಿಗೆ ಐವತ್ತು ನಿಮಿಷ ತೆಗೆದುಕೊಂಡೆ. ಅಕ್ಕೋರ ಊಟದ ಮೇಜಿನ ಮೇಲೆ ತಗಡಿನ ಎರಡು ಉದ್ದ ಪೆಟ್ಟಿಗೆಗಳಿದ್ದವು. ಅವುಗಳ ತುಂಬ ಹಳದಿ ತಿರುಗಿದ ಕಾರ್ಡುಗಳು. ಯೂರೋಪಿನ ಒಂದು ನದಿಯ ದಂಡೆಯಲ್ಲಿ ರೋಮನ್ನರ ಕಾಲದ ಸಣ್ಣ ಊರೊಂದನ್ನು ಅವರ ಗುರುವಿನ ತಂಡ ಅಗೆದಿತ್ತಂತೆ. ಅಕ್ಕೋರು ಆಗ ವಿದ್ಯಾರ್ಥಿನಿ. ಸಿಕ್ಕಿದ ಒಂದೊಂದು ನಾಣ್ಯಕ್ಕೂ ಒಂದು ಕಾರ್ಡು: ಯಾವ ದೊರೆಯ ಕಾಲದ್ದು, ಎಷ್ಟು ಸವೆದಿದೆ, ಯಾವ ಗುಂಡಿಯಲ್ಲಿ ಎಷ್ಟು ಆಳದಲ್ಲಿ ಸಿಕ್ಕಿತು. ನಾಣ್ಯಗಳೆಲ್ಲ ಆ ದೇಶದಲ್ಲೇ ಇದ್ದವು, ಕಾರ್ಡುಗಳು ಮಾತ್ರ ಇಲ್ಲಿ. ಅಕ್ಕೋರಿಗೆ ಹೆಸರು ತಂದ ಪುಸ್ತಕ ಈ ಕಾರ್ಡುಗಳ ಮೇಲೆಯೇ ನಿಂತಿತ್ತು. ಅದರ ಹೊಸ ಆವೃತ್ತಿ ಬರುವುದಿತ್ತು. ಹಳೆಯ ಲೆಕ್ಕಗಳನ್ನೆಲ್ಲ ಕಂಪ್ಯೂಟರಿನಲ್ಲಿ ಮತ್ತೊಮ್ಮೆ ಹಾಕಿ ನೋಡುವುದು ನನ್ನ ಪಾಲಿನ ಕೆಲಸ.

ನನಗೆ ನಾಣ್ಯದ ಗಂಧಗಾಳಿ ಇರಲಿಲ್ಲ. ಅವರು ಪುಸ್ತಕ ಕೊಡಲಿಲ್ಲ. ತರಕಾರಿ ಕೊಳ್ಳುವ ಅಂಗಡಿಯ ಪಾರ್ಕಿಂಗಿಗೆ ಕರೆದೊಯ್ದು, ಬಿಸಿಲಲ್ಲಿ ಒಂದು ಗಂಟೆ ನೆಲ ನೋಡುತ್ತ ನಡೆಸಿದರು. ಬಿದ್ದ ಚಿಲ್ಲರೆಯನ್ನು ಆರಿಸಿ ಅವರ ಕರವಸ್ತ್ರದಲ್ಲಿ ಹಾಕಿದೆ.

"ಏನೇನ್ ಸಿಕ್ತು?"

"ಎಲ್ಲಾ ಒಂದೊಂದು ಸೆಂಟಿನ ಪೆನ್ನಿ ಅಕ್ಕೋರೆ. ಒಂದು ಐದು ಸೆಂಟಿನ ನಿಕಲ್."

"ಇಪ್ಪತ್ತೈದು ಸೆಂಟಿನ ಕ್ವಾರ್ಟರ್ ಇಲ್ಲ. ಡಾಲರ್ ಇಲ್ಲ. ಹಂಗಾದ್ರ ಈ ಊರಾಗ ಬರೇ ಪೆನ್ನಿ ನಡೀತಿದ್ವೇನು?"

"ಇಲ್ಲ. ಪೆನ್ನಿ ಬಿದ್ರೆ ಯಾರೂ ಬಗ್ಗಲ್ಲ."

"ಬಿದ್ದದ್ದು ಬ್ಯಾರೆ, ಹುಡುಕದೇ ಬಿಟ್ಟದ್ದು ಬ್ಯಾರೆ. ನಮಗ ಸಿಗೂದು ಎರಡನೇದು." ಅವರು ಸುತ್ತ ನೋಡಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಕರವಸ್ತ್ರವನ್ನು ನೆಲದ ಮೇಲೆ ಕೊಡವಿದರು. ಬೇರೆಯವರದನ್ನು ಆರಿಸಿಕೊಂಡೆವೆಂದು ಯಾರಾದರೂ ಹಿಡಿದಾರೆಂಬ ಭಯ.

ಹೀಗೆ ಒಂದೊಂದೇ ಕಲಿಸಿದರು. ನಾಣ್ಯದ ಮೇಲಿರುವುದು ಅದು ಹುಟ್ಟಿದ ವರ್ಷ, ಕಳೆದುಹೋದ ವರ್ಷವಲ್ಲ. ನುಣ್ಣಗೆ ಸವೆದಿದ್ದರೆ ಬಹಳ ಕೈ ದಾಟಿ ಬಂದಿದೆ ಎಂದರ್ಥ. ಒಂದು ಊರಿನಲ್ಲಿ ಯಾವುದೋ ಕಾಲದ ನಾಣ್ಯ ಹೆಚ್ಚು ಸಿಕ್ಕಿದ ಮಾತ್ರಕ್ಕೆ ಆಗ ಆ ಊರು ಬೆಳೆದಿತ್ತು ಎನ್ನಲಾಗದು. ಆ ಕಾಲದಲ್ಲಿ ಟಂಕಸಾಲೆಯೇ ಕಂಡಾಪಟ್ಟೆ ಹೊಡೆದಿರಬಹುದು. ಅದಕ್ಕೇ ಕಾಲವಾರು ವಿಂಗಡಿಸಿ, ಸುತ್ತಲಿನ ಬೇರೆ ಊರುಗಳ ಸರಾಸರಿಯ ಪಕ್ಕದಲ್ಲಿಟ್ಟು, ಇಲ್ಲಿ ಎಲ್ಲಿ ಏರಿದೆ, ಎಲ್ಲಿ ಇಳಿದಿದೆ ಎಂದು ನೋಡಬೇಕು. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಅವರು ಬೆರಳೆತ್ತಿ ಹೇಳಿದ್ದರು. ಒಂದೊಂದಾಗಿ ಬಿದ್ದ ನಾಣ್ಯಗಳೇ ಬೇರೆ, ಯಾರೋ ಒಟ್ಟಿಗೆ ಹೂತಿಟ್ಟ ನಿಧಿಯೇ ಬೇರೆ. ಬಿದ್ದವು ಊರಿನ ದಿನದಿನದ ಓಡಾಟ ಹೇಳುತ್ತವೆ. ಹೂತಿಟ್ಟದ್ದು ಒಬ್ಬರ ಒಂದು ದಿನದ ಸಂಗತಿ. ಎರಡನ್ನೂ ಕೂಡಿಸಿ ಎಣಿಸಿದರೆ ಒಬ್ಬರ ಭಯವನ್ನು ಇಡೀ ಊರಿನ ವ್ಯಾಪಾರ ಎಂದು ಓದಿಬಿಡುತ್ತೇವೆ.

ಅವರ ಪುಸ್ತಕದ ವಾದ ಸರಳವಾಗಿತ್ತು. ಆ ಭಾಗದ ಊರುಗಳೆಲ್ಲ ಒಂದು ಕಾಲಕ್ಕೆ ಬರಿದಾದವು ಎಂದು ವಿದ್ವಾಂಸರು ನಂಬಿದ್ದರು. ಆದರೆ ಈ ಊರಿನಲ್ಲಿ ಆಮೇಲಿನ ಕಾಲದ ಮೂವತ್ತೊಂದು ನಾಣ್ಯಗಳು ಒಂಬತ್ತು ಗುಂಡಿಗಳಲ್ಲಿ ಚದುರಿ ಸಿಕ್ಕಿದ್ದವು. ಅಂದರೆ ಊರು ಸತ್ತಿರಲಿಲ್ಲ. ಇನ್ನೆರಡು ತಲೆಮಾರು ಅಲ್ಲಿ ಸಂತೆ ನಡೆದಿತ್ತು, ಜನ ಕೊಂಡು, ಮಾರಿ, ಚಿಲ್ಲರೆ ಬೀಳಿಸಿಕೊಂಡು ಓಡಾಡಿದ್ದರು. ಓದಿದಾಗ ನನಗೆ ಬಹಳ ಸಂತೋಷವಾಗಿತ್ತು.

ಆ ಸಂತೋಷ ಫೆಬ್ರವರಿಯ ತನಕ ಇತ್ತು. ಹೆಚ್ಚು ಕಡಿಮೆ ಎಲ್ಲ ಕಾರ್ಡುಗಳನ್ನೂ ಸ್ಪ್ರೆಡ್‌ಶೀಟಿಗೆ ಹಾಕಿ ಮುಗಿದಿತ್ತು. ಸವೆತದ ಕಾಲಂ ನೋಡುತ್ತಿದ್ದವಳಿಗೆ ಏನೋ ಚುಚ್ಚಿತು. ಉಳಿದ ಎಲ್ಲ ಕಾಲದ ನಾಣ್ಯಗಳಲ್ಲಿ ಸವೆದವೂ ಇದ್ದವು, ಹೊಸವೂ ಇದ್ದವು. ಆ ಮೂವತ್ತೊಂದು ಮಾತ್ರ ಒಂದೇ ಸಮ ಹೊಸವು. ಐದು ಕಾರ್ಡುಗಳಲ್ಲಿ 'ಒಂದಕ್ಕೊಂದು ಅಂಟಿದ ಗುರುತು' ಎಂದಿತ್ತು. ಬೇರೆ ಬೇರೆ ಗುಂಡಿಯಲ್ಲಿ ಬಿದ್ದ ನಾಣ್ಯ ಇನ್ನೊಂದಕ್ಕೆ ಹೇಗೆ ಅಂಟುತ್ತದೆ? ಅಕ್ಕೋರು ಒಳಗೆ ಅಡುಗೆ ಮಾಡುತ್ತಿದ್ದರು. ಟೈಪಿನ ತಪ್ಪಿರಬಹುದೆಂದು ಒಂದು ಕಾರ್ಡನ್ನು ಹೊರಗೆಳೆದು ತಿರುಗಿಸಿದೆ. ಹಿಂಬದಿಯಲ್ಲಿ, ಕೆಳಮೂಲೆಯಲ್ಲಿ, ಕಂಡೂ ಕಾಣದಂತೆ ಪೆನ್ಸಿಲಿನಲ್ಲಿ ಒಂದು ಪದ. ಕನ್ನಡದ ಪದ.

ಗಡಿಗ್ಯಾಗ.

ಇನ್ನೊಂದು ತೆಗೆದೆ. ಗಡಿಗ್ಯಾಗ. ಮತ್ತೊಂದು. ಮೂವತ್ತೊಂದರ ಹಿಂದೆಯೂ ಅದೇ ಪದ, ಅದರಡಿ ಒಂದೇ ಗುಂಡಿಯ ಅಂಕಿ, ಒಂದೇ ಆಳ. ಗಡಿಗೆಯಲ್ಲಿ ಸಿಕ್ಕಿದ್ದು. ಎಲ್ಲ ಒಟ್ಟಿಗೆ. ಬರಹ ಅಕ್ಕೋರದೇ. ಪ್ರತಿ ಮಂಗಳವಾರ ಅವರ ಕಿರಾಣಿ ಪಟ್ಟಿಯಲ್ಲಿ ನೋಡುತ್ತಿದ್ದ ದುಂಡನೆಯ ಅಕ್ಷರ.

ಕಾರ್ಡುಗಳನ್ನು ಇದ್ದ ಹಾಗೇ ಇಟ್ಟು, ಅವರು ಬಡಿಸಿದ್ದನ್ನು ತಿಂದು, ಕಾರು ಹತ್ತಿದೆ. ಇದು ಮರೆವಲ್ಲ, ತಪ್ಪು ಎಣಿಕೆಯೂ ಅಲ್ಲ. ಅಕ್ಕೋರಿಗೆ ಗೊತ್ತಿತ್ತು. ಗೊತ್ತಿದ್ದೂ ಪುಸ್ತಕ ಬರೆದಿದ್ದರು. ಹಾಗಾದರೆ ನನ್ನ ಕೈಲಿ ಈಗ ಮಾಡಿಸುತ್ತಿರುವುದೇನು? ಸುಳ್ಳಿಗೆ ಹೊಸ ಅಂಗಿ. ಹೊಸ ಆವೃತ್ತಿಯ ಮೊದಲ ಪುಟದಲ್ಲಿ ನನ್ನ ಹೆಸರು ಹಾಕುವುದಾಗಿ ಹೇಳಿದ್ದರು. ನಾಳೆ ಯಾರಾದರೂ ಹಿಡಿದರೆ? ಅವಲಂಬಿತ ವೀಸಾದ ಹೆಂಗಸು, ಅನುಮತಿಯಿಲ್ಲದೆ ಕೆಲಸ, ಅದರ ಮೇಲೆ ಮೋಸ.

ಗಂಡನಿಗೆ ಹೇಳಿದೆ. ಅವರು ಲ್ಯಾಪ್‌ಟಾಪ್ ಮುಚ್ಚಿದರು. ಆಮೇಲೆ, "ಜ್ವರ ಅಂತ ಹೇಳಿ ಹೋಗೋದು ನಿಲ್ಸಿಬಿಡು. ನಮಗ್ಯಾಕೆ?" ಎಂದರು.

ಕೆಟ್ಟವರಲ್ಲ ಅವರು. ನಾನೂ ಹಾಗೆಯೇ ಯೋಚಿಸಿದ್ದೆ. ಮುಂದಿನ ಮಂಗಳವಾರ ಹೋದೆ, ಏನೂ ಹೇಳದೆ ಬಂದೆ. ಅದರ ಮುಂದಿನ ಮಂಗಳವಾರ ಬೇರೆ ಕಾಲದ ನಾಣ್ಯಗಳನ್ನು ಸುಮ್ಮನೆ ಮತ್ತೆ ಎಣಿಸಿ ಬಂದೆ. ಅಕ್ಕೋರು ಎಂದಿನಂತೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು, ಅವರ ಬೆನ್ನು ನೋಡಿದರೇ ನನಗೆ ಅಂಜಿಕೆಯಾಗುತ್ತಿತ್ತು. ಮೂರನೆಯ ಮಂಗಳವಾರ ಮನೆಯೊಳಗೆ ಕಾಲಿಟ್ಟವಳೇ, ಚೀಲವನ್ನೂ ಇಳಿಸದೆ, "ಅಕ್ಕೋರೆ, ಕಾರ್ಡಿನ ಹಿಂದೆ ಏನೋ ಬರ್ದಿದೆ," ಎಂದೆ.

ಅವರು ಒಲೆ ಆರಿಸಿದರು. ಕೈ ಒರೆಸಿಕೊಂಡು ಬಂದು ಮೇಜಿನ ಆಚೆ ಕೂತರು.

"ಓದ್ರಿ."

"ಗಡಿಗ್ಯಾಗ."

"ಇನ್ನೊಂದು ಓದ್ರಿ."

"ಗಡಿಗ್ಯಾಗ."

"ಹೂಂ, ಮುಂದಿಂದು."

ಮೂವತ್ತೊಂದನ್ನೂ ಓದಿಸಿದರು. ಅವರು ಮೇಜಿನ ಅಂಚನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಉಗುರು ಬೆಳ್ಳಗಾಗಿದ್ದವು. ಕೊನೆಯದು ಓದಿ ಕೆಳಗಿಟ್ಟ ಮೇಲೆ ಅವರಾಗಿಯೇ ಮಾತು ಶುರು ಮಾಡಿದರು.

"ಗಡಿಗಿ ನನಗ ಸಿಕ್ಕಿತ್ತು. ಎಲ್ಲಾರೂ ಊಟಕ್ಕ ಹೋಗಿದ್ರು. ಗೋಡೀ ಬುಡಕ ಕರಣೀಲೆ ಕೆರೀಲಿಕ್ಕತ್ತಿದ್ದೆ, ಟಣ್ ಅಂತು. ಇಷ್ಟ ಸಣ್ಣ ಗಡಿಗಿ, ಅಡಗೀ ಮನೀದು. ಒಳಗ ಎಲ್ಲಾ ಒಂದಕ್ಕೊಂದು ಹತ್ತಿ ಮುದ್ದಿ ಆಗಿದ್ವು. ನಮ್ಮ ಗುರುಗಳು ಬಂದು ನೋಡಿದ್ರು. ದಿನದ ವಹಿಯೊಳಗ ಬರೀಲಿಲ್ಲ. ಚಳಿಗಾಲದಾಗ ನನ್ನ ಕರದು ಒಂದು ಪಟ್ಟಿ ಕೊಟ್ರು, ಈ ನಾಣ್ಯ ಈ ಗುಂಡಿಯಾಗ, ಆ ನಾಣ್ಯ ಆ ಗುಂಡಿಯಾಗ, ಹಂಗ ಟೈಪ್ ಮಾಡು ಅಂತ."

"ಯಾಕೆ?"

"ಎಲ್ಲಾ ಒಂದ ಗಡಿಗ್ಯಾಗ ಅಂದ್ರ ಊರು ಸತ್ತಿತ್ತು ಅಂತಾಗ್ತದ. ಸತ್ತ ಊರನ್ನ ಅಗಿಲಿಕ್ಕೆ ಮುಂದಿನ ವರ್ಷ ರೊಕ್ಕಾ ಕೊಟ್ಟು ಯಾರು ಕಳಸ್ತಾರ?"

"ಅವರು ಬೆದರಿಸಿದ್ರಾ ನಿಮ್ಮನ್ನ?"

"ಇಲ್ರಿ. ಬೆದರಿಸಿದ್ರ ಛಲೋ ಇತ್ತು. ನನ್ನ ವೀಸಾದ ಕಾಗದ ಅವರ ಟೇಬಲ್ ಮ್ಯಾಲೆ ಸಹಿಗೆ ಇತ್ತು. ಅದರ ಬಾಜೂಕ ಈ ಪಟ್ಟಿ ಇಟ್ರು. ಅಷ್ಟ. ನನಗ ಇಪ್ಪತ್ನಾಲ್ಕು ವರ್ಷ. ಟೈಪ್ ಮಾಡಿದೆ. ಮಾಡಿದ ಮ್ಯಾಲೆ ಕೈ ತಡೀಲಿಲ್ಲ, ಅವರಿಗೆ ಓದ್ಲಿಕ್ಕೆ ಬರದ ಭಾಷಾದಾಗ ಹಿಂದ ಬರದಿಟ್ಟೆ."

ಗುರು ತೀರಿಹೋಗಿ ಬಹಳ ವರ್ಷವಾಗಿತ್ತು. ಅಷ್ಟರಲ್ಲಿ ಮೊದಲ ಲೇಖನ ಬಂದಿತ್ತು, ಅದರಿಂದ ಕೆಲಸ ಸಿಕ್ಕಿತ್ತು, ಕೆಲಸದಿಂದ ಪುಸ್ತಕ ಬಂದಿತ್ತು. ಒಂದೊಂದು ಮೆಟ್ಟಿಲು ಏರಿದ ಹಾಗೂ ಇಳಿಯುವುದು ಇನ್ನಷ್ಟು ಭಯವಾಯಿತು ಎಂದರು.

"ಹುಗದಿಟ್ಟಾಕಿ ವಾಪಸ್ ಬಂದಿದ್ರ ನಮಗ ಗಡಿಗಿ ಸಿಗ್ತಿರಲಿಲ್ಲ. ಸಿಕ್ತು ಅಂದ್ರ ಆಕಿ ಬರ್ಲಿಲ್ಲ. ಖಾಲಿ ಬಿದ್ದ ಊರಿಗೆ ಯಾರ ಕಣ್ಣು ತಪ್ಪಿಸಿ ಬಂದಿದ್ಲೋ, ಏನೋ. ಹೆಣ್ಮಗಳ ಅಂತ ನಾ ಅಂತೀನಿ, ಅದಕ್ಕ ಪುರಾವೆ ಇಲ್ಲ, ನೀವು ಬರ್ಕೋಬ್ಯಾಡ್ರಿ. ಆಕಿ ಅಂಜಿ ಹುಗದ್ಲು. ನಾ ಅಂಜಿ ಆಕಿನ್ನ ಒಂಬತ್ತು ಗುಂಡಿಗೆ ಹಂಚಿಬಿಟ್ಟೆ."

ತಲೆಯೆತ್ತಿ ನನ್ನ ಮುಖ ನೋಡಿದರು. "ಇದನ್ನ ಇಲ್ಲಿಗೇ ಬಿಟ್ಟುಬಿಡೂಣು ಅಂದ್ರ ಬಿಡ್ತೀರೇನು?"

ಹೂಂ ಎಂಬ ಮಾತು ನನ್ನ ನಾಲಿಗೆ ತುದಿಯವರೆಗೂ ಬಂದಿತ್ತು. ಸುಳ್ಳು ಹೇಳಲಾರೆ. "ಬಿಟ್ರೆ ನಾನು ಇನ್ಮೇಲೆ ಬರಕ್ಕಾಗಲ್ಲ ಅಕ್ಕೋರೆ," ಎಂದೆ.

ಅವರು ಎದ್ದು ಒಲೆ ಹಚ್ಚಿದರು. "ಡಲ್ಲಾಸಿನ್ಯಾಗ ಮೀಟಿಂಗ್ ಅದ, ಏಪ್ರಿಲ್‌ನಾಗ. ಹೊಸ ಪುಸ್ತಕದ ಬಗ್ಗೆ ಮಾತಾಡ್ಲಿಕ್ಕೆ ಕರದಾರ, ಸನ್ಮಾನ ಬ್ಯಾರೆ. ಅಲ್ಲೇ ಹೇಳ್ತೀನಿ. ಆದ್ರ ನೀವು ಕರ್ಕೊಂಡು ಹೋಗ್ಬೇಕು. ನನಗ ವಿಮಾನ ಆಗೂದಿಲ್ಲ."

ಅವರು ಹೆದ್ದಾರಿಯಲ್ಲಿ ಕಾರು ಓಡಿಸುತ್ತಿರಲಿಲ್ಲ. ನಾನೂ ಓಡಿಸಿರಲಿಲ್ಲ. ಹೊರಡುವ ದಿನ ಬೆಳಿಗ್ಗೆ ಮಗಳು ಬಾಗಿಲಲ್ಲಿ ನಿಂತು, "ಅಮ್ಮಾ, ಆರ್ ಯೂ ಸ್ಕೇರ್ಡ್?" ಎಂದಳು. ಇಲ್ಲ ಪುಟ್ಟೀ ಎಂದೆ. "ದೆನ್ ಸ್ಟಾರ್ಟ್ ದ ಕಾರ್," ಎಂದಳು.

ಐ-35 ಹೆದ್ದಾರಿಯ ಮೇಲೆ ನಮ್ಮ ಕಾರು ಬಲಗಡೆಯ ಲೇನು ಬಿಡಲಿಲ್ಲ. ಹಿಂದೆ, ಎಡಕ್ಕೆ ಹದಿನೆಂಟು ಗಾಲಿಯ ಟ್ರಕ್ಕುಗಳು. ಪಕ್ಕದಲ್ಲಿ ಹಾದಾಗಲೆಲ್ಲ ಕಾರು ಅಲುಗಾಡುತ್ತಿತ್ತು. ಟೆಂಪಲ್ ಎಂಬ ಊರಿನ ಹತ್ತಿರ ಒಬ್ಬ ಹಿಂದಿನಿಂದ ಉದ್ದಕ್ಕೆ ಹಾರ್ನ್ ಹೊಡೆದಾಗ ನಾನು ಕಣ್ಣು ಮುಚ್ಚಿಬಿಟ್ಟೆನಂತೆ.

"ಕಣ್ಣು ತಗೀರಿ!" ಅಕ್ಕೋರು ಕೂಗಿದರು. "ಇಬ್ಬರೂ ಅಂಜೀವಿ ಖರೆ, ಇಬ್ಬರೂ ಕಣ್ಣು ಮುಚ್ಚಿದ್ರ ಹೆಂಗ?"

ಅಲ್ಲಿಂದ ಮುಂದೆ ಅವರು ಒಂದೊಂದು ಎಕ್ಸಿಟ್ಟಿನ ಅಂಕಿಯನ್ನೂ ಗಟ್ಟಿಯಾಗಿ ಓದುತ್ತ ಬಂದರು. ವೇಕೋದಲ್ಲಿ ಪೆಟ್ರೋಲ್ ಹಾಕಿಸಲು ನಿಲ್ಲಿಸಿದಾಗ ಅಂಗಡಿಯ ಹಿಂದೆ ಹೋಗಿ ವಾಂತಿ ಮಾಡಿದರು. ಬಾಯಿ ತೊಳೆಸಿ, "ವಾಪಸ್ ಹೋಗೋಣ್ವಾ?" ಎಂದೆ. ಅವರು ಬಹಳ ಹೊತ್ತು ರಸ್ತೆಯ ಎರಡೂ ದಿಕ್ಕಿಗೆ ನೋಡಿದರು. "ಎರಡೂ ಕಡೆ ಅಷ್ಟ ದೂರ ಅದ," ಎಂದು ಕಾರಿನಲ್ಲಿ ಕೂತರು.

ಡಲ್ಲಾಸಿನ ಹೋಟೆಲಿನ ಸಭಾಂಗಣದಲ್ಲಿ ನಲವತ್ತು ಜನರಿದ್ದಿರಬಹುದು. ಅಕ್ಕೋರು ಕಾಗದವನ್ನು ಮೇಜಿನ ಮೇಲಿಟ್ಟು ಮೈಕಿನ ಮುಂದೆ ನಿಂತರು. ಮೊದಲು ಹಳೆಯ ಗ್ರಾಫ್ ತೋರಿಸಿದರು, ಮೂವತ್ತೊಂದೂ ಸೇರಿದ್ದು. ಆಮೇಲೆ ಅವನ್ನು ತೆಗೆದು ನಾನು ಹಾಕಿದ ಹೊಸ ಗ್ರಾಫ್. ಏರಿದ್ದ ಗೆರೆ ನೆಲಕ್ಕೆ ಬಿದ್ದಿತ್ತು. ಸಭೆಯಲ್ಲಿ ಗುಸುಗುಸು ಎದ್ದಿತು. ಆಗ ಅವರು ಒಂದು ಕಾರ್ಡನ್ನು ಎತ್ತಿ ಹಿಡಿದು ಕನ್ನಡದಲ್ಲಿ ಆ ಪದ ಓದಿದರು. ಅದರ ಅರ್ಥವನ್ನು ಇಂಗ್ಲಿಷಿನಲ್ಲಿ ಹೇಳಿದರು. ಪಟ್ಟಿ ಕೊಟ್ಟವರು ಯಾರೆಂದು ಒಂದೇ ವಾಕ್ಯದಲ್ಲಿ ಹೇಳಿ, "ಟೈಪ್ ಮಾಡಿದ ಕೈ ನನ್ನದು. ಆಮೇಲೆ ಪುಸ್ತಕ ಬರೆದ ಕೈಯೂ ನನ್ನದೇ," ಎಂದರು.

ಮುಂದಿನ ಸಾಲಿನ ಮುದುಕರೊಬ್ಬರು ಕುರ್ಚಿ ಸದ್ದು ಮಾಡಿ ಎದ್ದುಹೋದರು. ಮಧ್ಯದಿಂದ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಎದ್ದು ನಿಂತಳು. ಅವಳ ಸಂಶೋಧನೆಯ ಎರಡು ಅಧ್ಯಾಯ ಅಕ್ಕೋರ ಪುಸ್ತಕದ ಮೇಲೆ ಕಟ್ಟಿದ್ದಂತೆ. ಅವಳ ಕಣ್ಣು ತುಂಬಿತ್ತು. ಐದು ವರ್ಷ ನಾನು ಇದನ್ನು ನಂಬಿದೆ, ಇಷ್ಟು ದಿನ ಸುಮ್ಮನಿದ್ದು ಈಗ ಯಾಕೆ ಹೇಳುತ್ತಿದ್ದೀರಿ ಎಂದು ಕೇಳಿದಳು.

ಅಕ್ಕೋರು ಎತ್ತಿ ಹಿಡಿದಿದ್ದ ಕಾರ್ಡನ್ನು ಕೆಳಗಿಟ್ಟರು. "ಧೈರ್ಯ ಬಂತೆಂದು ತಿಳಿಯಬೇಡಿ. ಇನ್ನೊಬ್ಬರು ಓದಿದರು, ಅದಕ್ಕೆ," ಎಂದರು. ಬಳಿಕ, "ನಿಮ್ಮ ಐದು ವರ್ಷಕ್ಕೆ ನನ್ನ ಹತ್ತಿರ ಉತ್ತರವಿಲ್ಲ," ಎಂದು ಸೇರಿಸಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಸನ್ಮಾನಕ್ಕೆ ತಂದಿದ್ದ ಫಲಕ ಮೇಜಿನ ಮೇಲೆ ಪೆಟ್ಟಿಗೆಯೊಳಗೇ ಇತ್ತು.

ಹೊಸ ಆವೃತ್ತಿ ನಿಂತಿತು. ವಿಶ್ವವಿದ್ಯಾಲಯ ಒಂದು ಸಮಿತಿ ಮಾಡಿ ಎಂಟು ತಿಂಗಳು ವಿಚಾರಿಸಿತು. ಆ ಎಂಟು ತಿಂಗಳೂ ಅಕ್ಕೋರು ಅಂಚೆ ಡಬ್ಬಿಯ ಹತ್ತಿರ ಹೋಗಲಿಲ್ಲ, ಮಂಗಳವಾರ ನಾನೇ ತೆಗೆದು ಓದಿ ಹೇಳಬೇಕಿತ್ತು. ಹಳೆಯ ಸಹೋದ್ಯೋಗಿಗಳಲ್ಲಿ ಹೆಚ್ಚಿನವರು ಫೋನ್ ಮಾಡುವುದನ್ನು ಬಿಟ್ಟರು. ಸಭೆಯಲ್ಲಿ ಎದ್ದು ಕೇಳಿದ್ದ ಆ ಹೆಂಗಸು ತನ್ನ ಎರಡು ಅಧ್ಯಾಯಗಳನ್ನು ಮತ್ತೆ ಬರೆದು ಪದವಿ ಪಡೆದಳೆಂದು ಕೇಳಿದೆವು. ಅಕ್ಕೋರ ಪತ್ರಕ್ಕೆ ಅವಳು ಉತ್ತರ ಬರೆಯಲಿಲ್ಲ. ಸತ್ಯ ಹೇಳಿದ ಮೇಲೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರಲ್ಲ, ಅಕ್ಕೋರಿಗೆ ಹಾಗೇನೂ ಆಗಲಿಲ್ಲ. ಮೊದಲು ಹೆದರುತ್ತಿದ್ದುದಕ್ಕೆಲ್ಲ ಆಮೇಲೂ ಹೆದರಿದರು. ಒಂದು ಮಾತ್ರ ಬದಲಾಗಿತ್ತು. ನಿದ್ದೆ ಬರುತ್ತದೆ ಎಂದು ಒಮ್ಮೆ ಹೇಳಿದ್ದರು, ನಾಚಿಕೆಯ ವಿಷಯ ಹೇಳುವವರಂತೆ.

ಎರಡು ಸಾವಿರದ ಹದಿನೈದರಲ್ಲಿ ನಮ್ಮಂಥವರಿಗೂ ದುಡಿಯುವ ಅನುಮತಿ ಸಿಕ್ಕಿತು. ನನಗೆ ಆಸ್ಟಿನ್ನಿನಲ್ಲಿ ಕೆಲಸವಾಯಿತು, ಮಂಗಳವಾರಗಳು ಭಾನುವಾರಗಳಾದವು. ಎರಡು ವರ್ಷದ ನಂತರ ಅಕ್ಕೋರಿಗೆ ಕಾಯಿಲೆ ಕಾಣಿಸಿ, ಚಿಕಿತ್ಸೆಗೆಂದು ಹ್ಯೂಸ್ಟನ್ನಿನ ತಂಗಿಯ ಮಗಳ ಮನೆಗೆ ಹೋದರು. ನಾನು ಕೊನೆಯ ಸಲ ನೋಡಿದ್ದು ಅಲ್ಲಿಯೇ. ಮಧ್ಯಾಹ್ನ, ತಂಗಿಯ ಮಗಳು ಔಷಧಿ ತರಲು ಹೋಗಿದ್ದಳು. ಅಕ್ಕೋರು ಹಾಸಿಗೆಯಲ್ಲಿ ಹಕ್ಕಿಯಷ್ಟಾಗಿದ್ದರು.

"ಅಂಜಿಕಿ ಆಗ್ತದ್ರಿ," ಎಂದರು. "ಸುಮ್ನ ಹೇಳಿದೆ. ನೀವೇನೂ ಮಾಡೂದು ಬ್ಯಾಡ, ಕೂಡ್ರಿ."

ಕೂತೆ. ಬಹಳ ದಿನದಿಂದ ಕೇಳಬೇಕೆಂದಿದ್ದುದನ್ನು ಕೇಳಿದೆ. "ಅಕ್ಕೋರೆ, ಆ ಪದ ಅಳಿಸಿಬಿಡ್ಬಹುದಿತ್ತಲ್ಲ. ಅಳಿಸ್ದೆ ಕಾರ್ಡುಗಳನ್ನ ನನ್ನ ಕೈಗೆ ಯಾಕೆ ಕೊಟ್ರಿ?"

"ನಿಮಗಿಂತ ಮೊದಲ ಇಬ್ಬರಿಗೆ ಕೊಟ್ಟಿದ್ದೆ. ಇಬ್ಬರೂ ಕನ್ನಡದವರ." ಅವರು ಉಸಿರು ತೆಗೆದುಕೊಂಡರು. "ಒಬ್ಬಾಂವ ಬೆಂಗಳೂರಿನ ಹುಡುಗ. ಒಂದ ದಿನಾನೂ ತಿರುವಿ ನೋಡ್ಲಿಲ್ಲ. ಇನ್ನೊಬ್ಬಾಕಿ ನೋಡಿದ್ಲು. ನೋಡಿದ ದಿನ ನನಗ ಗೊತ್ತಾತು, ಮಾರಿ ಬಿಳೀ ಆಗಿತ್ತು. ಮುಂದಿನ ವಾರ ಜ್ವರ ಅಂತ ಫೋನ್ ಮಾಡಿದ್ಲು. ಮತ್ತ ಬರ್ಲಿಲ್ಲ."

ನಾನು ಅವರ ಹೊದಿಕೆ ಸರಿಮಾಡಿದೆ.

"ಆಕಿ ಮ್ಯಾಲೆ ಸಿಟ್ಟಿಲ್ರಿ. ಆಕಿಗೂ ವೀಸಾ ಇತ್ತು."

"ನಾನೂ ಎರಡು ವಾರ ಸುಮ್ನಿದ್ದೆ ಅಕ್ಕೋರೆ."

"ಗೊತ್ತದ. ಎರಡನೇ ವಾರ ನೀವು ಹೋಗೂ ಮುಂದ, ಆತು, ಇಕಿನೂ ಹೋದ್ಲು ಅಂದ್ಕೊಂಡೆ. ಮೂರನೇ ವಾರ ಕಾರಿನ ಸಪ್ಪಳ ಕೇಳಸ್ತು."

"ಸಮಾಧಾನ ಆಯ್ತಾ?"

"ಇಲ್ರಿ. ಬಾಗಲಾ ತಗೀಲೋ ಬ್ಯಾಡೋ ಅಂತ ಚಿಲಕದ ಮ್ಯಾಲೆ ಕೈ ಇಟ್ಟು ನಿಂತಿದ್ದೆ. ಅಷ್ಟು ಅಂಜಿಕಿ ನನಗ ಮೊದಲೂ ಆಗಿರಲಿಲ್ಲ, ಆಮ್ಯಾಲೂ ಆಗಿಲ್ಲ. ಈಗೂ ಅಷ್ಟಿಲ್ಲ."

"ಆದ್ರೂ ತೆಗೆದ್ರಿ."

"ನೀವು ಹೊರಗ ನಿಂತು ಅಳ್ಲಿಕ್ಕತ್ತಿದ್ರಿ," ಎಂದರು ಅಕ್ಕೋರು.

ನಾನು ಅತ್ತದ್ದು ನನಗೆ ನೆನಪೇ ಇರಲಿಲ್ಲ.